ಗೊತ್ತಿತ್ತು, ಹೇಳಲಾಗಲಿಲ್ಲ

ಆಸ್ಪತ್ರೆಯಲ್ಲಿ ಜೀವ ತೆಗೆಯುವುದು ರೋಗವೊಂದೇ ಅಲ್ಲ. ಅದಲುಬದಲಾದ ಔಷಧ, ತಪ್ಪಾಗಿ ಕೇಳಿಸಿಕೊಂಡ ಡೋಸ್, ಕಿರಿಯರ ನಾಲಿಗೆ ತುದಿಯಲ್ಲೇ ಉಳಿದುಹೋದ ಮಾತು, ಇವೂ ಜೀವ ತೆಗೆಯುತ್ತವೆ. ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ. ನಮ್ಮ ವಾರ್ಡುಗಳಲ್ಲಿ 'ಸರ್, ಒಂದು ನಿಮಿಷ' ಅನ್ನುವ ಧೈರ್ಯ ಯಾರಿಗಿದೆ?

2005ರ ಮಾರ್ಚ್ 29, ಬೆಳಿಗ್ಗೆ 8.35. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನ ಒಂದು ಖಾಸಗಿ ಆಸ್ಪತ್ರೆ. ಆಪರೇಷನ್ ಥಿಯೇಟರಿನ ಮೇಜಿನ ಮೇಲೆ 37 ವರ್ಷದ ಇಲೇನ್ ಬ್ರೋಮಿಲಿ ಮಲಗಿದ್ದಾರೆ. ಇಬ್ಬರು ಚಿಕ್ಕ ಮಕ್ಕಳ ತಾಯಿ, ಆರೋಗ್ಯವಂತೆ. ಬಹಳ ದಿನದಿಂದ ಕಾಡುತ್ತಿದ್ದ ಸೈನಸ್‌ಗೆ ಒಂದು ಮಾಮೂಲಿ ಶಸ್ತ್ರಚಿಕಿತ್ಸೆ, ಅಷ್ಟೇ.

ಅರಿವಳಿಕೆ ಕೊಟ್ಟರು. ಉಸಿರಾಟಕ್ಕೆಂದು ಗಂಟಲಿಗೆ ಇಳಿಸುವ ಮಾಸ್ಕ್ ಸರಿಯಾಗಿ ಕೂರಲಿಲ್ಲ. ಇನ್ನೊಂದು ಸೈಜಿನದನ್ನು ಹಾಕಿ ನೋಡಿದರು, ಅದೂ ಕೂರಲಿಲ್ಲ. ಎರಡೇ ನಿಮಿಷದಲ್ಲಿ ಆಕೆಯ ಮೈ ನೀಲಿಗಟ್ಟತೊಡಗಿತು. ನಾಲ್ಕನೆಯ ನಿಮಿಷಕ್ಕೆ ರಕ್ತದ ಆಮ್ಲಜನಕ ಶೇ 40ಕ್ಕೆ ಕುಸಿದಿತ್ತು. ಆರೋಗ್ಯವಂತರಲ್ಲಿ ಅದು 95ರ ಮೇಲಿರಬೇಕು.

ಕೋಣೆಯಲ್ಲಿದ್ದವರು ಹೊಸಬರೇನಲ್ಲ. ಪಳಗಿದ ಅರಿವಳಿಕೆ ತಜ್ಞರು, ಕೂಗಿಗೆ ಓಡಿಬಂದ ಇನ್ನೊಬ್ಬ ಅರಿವಳಿಕೆ ತಜ್ಞರು, ದಶಕಗಳ ಅನುಭವದ ಇಎನ್‌ಟಿ ಸರ್ಜನ್. ಮೂವರೂ ಸೇರಿ ಗಂಟಲಿಗೆ ಕೊಳವೆ ಇಳಿಸಲು ಯತ್ನಿಸಿದರು. ಇಳಿಯಲಿಲ್ಲ. ಮತ್ತೆ ಯತ್ನಿಸಿದರು. ಮತ್ತೂ ಇಳಿಯಲಿಲ್ಲ.

ಇಂಥ ಹೊತ್ತಿಗೆಂದೇ ವೈದ್ಯಶಾಸ್ತ್ರದಲ್ಲಿ ಒಂದು ನಿಯಮವಿದೆ. ಕೊಳವೆ ಇಳಿಯದೆ, ಮಾಸ್ಕಿನಿಂದಲೂ ಗಾಳಿ ಹೋಗದೆ ಇದ್ದಾಗ ಕುತ್ತಿಗೆಯ ಮುಂಭಾಗದಲ್ಲಿ ರಂಧ್ರ ಮಾಡಿ ನೇರವಾಗಿ ಶ್ವಾಸನಾಳಕ್ಕೆ ದಾರಿ ಮಾಡಿಕೊಡಬೇಕು. ಮೂವರಿಗೂ ಇದು ಗೊತ್ತಿದ್ದ ವಿಷಯ. ಆದರೆ ಕೊಳವೆ ಇಳಿಸುವ ಹಟಕ್ಕೆ ಬಿದ್ದಿದ್ದ ಅವರಿಗೆ ಗಡಿಯಾರದ ಪರಿವೆಯೇ ಇರಲಿಲ್ಲ.

ಕೋಣೆಯಲ್ಲಿದ್ದ ನರ್ಸ್‌ಗಳಿಗೆ ಇತ್ತು. ಒಬ್ಬರು ಹೋಗಿ ಕುತ್ತಿಗೆಗೆ ರಂಧ್ರ ಮಾಡುವ ಉಪಕರಣಗಳ ಸೆಟ್ ತಂದರು. 'ಸೆಟ್ ಸಿದ್ಧವಿದೆ' ಎಂದರು. ಯಾರೂ ಕಿವಿಗೊಡಲಿಲ್ಲ. ಇನ್ನೊಬ್ಬರು ಫೋನ್ ಮಾಡಿ ಐಸಿಯುನಲ್ಲಿ ಹಾಸಿಗೆ ಕಾಯ್ದಿರಿಸಿ ಬಂದು ಹೇಳಿದರು. ತಾನು ಅತಿಯಾಗಿ ಗಾಬರಿಬಿದ್ದಿದ್ದೇನೆ ಎಂಬಂತೆ ವೈದ್ಯರು ನೋಡಿದ್ದರಿಂದ ಆಕೆ ಹಿಂತಿರುಗಿ ಹಾಸಿಗೆ ರದ್ದು ಮಾಡಿದರು.

ಇಲೇನ್‌ಗೆ ಮತ್ತೆ ಎಚ್ಚರ ಬರಲೇ ಇಲ್ಲ. 13 ದಿನಗಳ ನಂತರ ತೀರಿಕೊಂಡರು. ಏನು ಮಾಡಬೇಕೆಂದು ತಮಗೆ ಗೊತ್ತಿತ್ತು, ಅದನ್ನು ವೈದ್ಯರಿಗೆ ಹೇಗೆ ಹೇಳುವುದೆಂದು ಗೊತ್ತಾಗಲಿಲ್ಲ ಎಂದು ಆಮೇಲೆ ನಡೆದ ವಿಚಾರಣೆಯಲ್ಲಿ ನರ್ಸ್‌ಗಳು ತಿಳಿಸಿದರು.

ಪೈಲಟ್ ಗಂಡನ ಪ್ರಶ್ನೆ

ಇಲೇನ್ ಅವರ ಪತಿ ಮಾರ್ಟಿನ್ ಬ್ರೋಮಿಲಿ ವಿಮಾನದ ಪೈಲಟ್. ಹೆಂಡತಿ ಹೋದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, ತನಿಖೆ ಯಾವಾಗ ಎಂಬುದು. ವಿಮಾನಯಾನದಲ್ಲಿ ಅಪಘಾತವಾದರೆ ತನಿಖೆ ತಾನಾಗಿಯೇ ಶುರುವಾಗುತ್ತದೆ. ಆಸ್ಪತ್ರೆಯಲ್ಲಿ ಹಾಗಿಲ್ಲ, ನೀವು ದೂರು ಕೊಟ್ಟರೆ ಅಥವಾ ಕೋರ್ಟಿಗೆ ಹೋದರೆ ಮಾತ್ರ ಎಂಬ ಉತ್ತರ ಕೇಳಿ ಅವರು ದಿಗ್ಭ್ರಮೆಗೊಂಡರು.

ಪಟ್ಟು ಹಿಡಿದು ಸ್ವತಂತ್ರ ಪರಿಶೀಲನೆ ಮಾಡಿಸಿದರು. ಅರಿವಳಿಕೆ ಶಾಸ್ತ್ರದ ಪ್ರಾಧ್ಯಾಪಕ ಮೈಕೆಲ್ ಹಾರ್ಮರ್ ಅದನ್ನು ನಡೆಸಿಕೊಟ್ಟರು. ವರದಿ ಕೈಗೆ ಬಂದಾಗ ಮಾರ್ಟಿನ್ ವೈದ್ಯರನ್ನು ಜೈಲಿಗೆ ಕಳಿಸಲು ಓಡಾಡಲಿಲ್ಲ. ಆ ವೈದ್ಯರು ಮತ್ತೆ ಕೆಲಸಕ್ಕೆ ಮರಳಿದಾಗ, ತಾನು ಬಯಸಿದ್ದೂ ಇದನ್ನೇ ಎಂದರು. ಇಷ್ಟು ನೋವುಂಡು ಪಾಠ ಕಲಿತವರು ಮುಂದಿನ ರೋಗಿಗೆ ಹೆಚ್ಚು ಸುರಕ್ಷಿತ ವೈದ್ಯರಾಗುತ್ತಾರೆ ಎಂಬುದು ಅವರ ನಂಬಿಕೆ. 2007ರಲ್ಲಿ ಒಂದು ಸಂಘಟನೆ ಕಟ್ಟಿ, ಒತ್ತಡದಲ್ಲಿ ಮನುಷ್ಯರ ತಂಡ ಹೇಗೆ ವರ್ತಿಸುತ್ತದೆ ಎಂಬುದನ್ನು ಆಸ್ಪತ್ರೆಗಳಿಗೆ ತಿಳಿಹೇಳುವ ಕೆಲಸಕ್ಕೆ ನಿಂತರು. ಇಲೇನ್‌ರ ಆ ಬೆಳಗಿನ ಕಥೆಯನ್ನು ಇಂದು ಹಲವು ದೇಶಗಳ ವೈದ್ಯ ವಿದ್ಯಾರ್ಥಿಗಳು ತರಗತಿಯಲ್ಲಿ ಕೇಳುತ್ತಾರೆ.

ಪೈಲಟ್ ಆಗಿದ್ದ ಮಾರ್ಟಿನ್‌ಗೆ, ಹಿರಿಯರೆದುರು ಕಿರಿಯರ ಮಾತು ಅಡಗಿಹೋಗುವ ಈ ಕಾಯಿಲೆಯ ಗುರುತು ಮೊದಲೇ ಇತ್ತು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ಜೆಟ್‌ಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಎದುರಿಗೆ ಇನ್ನೊಂದು ವಿಮಾನ ಇನ್ನೂ ಇರಬಹುದಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಅನುಮಾನದಿಂದಲೇ ಕೇಳಿದ್ದರು. ಹಿರಿಯ ಕ್ಯಾಪ್ಟನ್ ಆ ಮಾತನ್ನು ತಳ್ಳಿಹಾಕಿ ಮುಂದೆ ಸಾಗಿದ್ದರು.

ನಮಗೆ ಅಷ್ಟು ದೂರ ಹೋಗಬೇಕಿಲ್ಲ. 2010ರ ಮೇ 22ರ ಮುಂಜಾನೆ ಮಂಗಳೂರಿನ ಕೆಂಜಾರಿನಲ್ಲಿ ದುಬೈನಿಂದ ಬಂದ ವಿಮಾನ ಗುಡ್ಡದಂಚಿನಿಂದ ಕಣಿವೆಗೆ ಬಿದ್ದು ಉರಿದುಹೋಯಿತು. 166 ಜನರಲ್ಲಿ ಉಳಿದವರು 8 ಮಂದಿ. ಕಾಸರಗೋಡು, ಭಟ್ಕಳ, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಆ ದಿನದ ಗಾಯ ಇನ್ನೂ ಆರಿಲ್ಲ. ತನಿಖಾ ನ್ಯಾಯಾಲಯದ ವರದಿಯನ್ನು ಓದುವಾಗ ಕರುಳು ಹಿಂಡುತ್ತದೆ. ಇಳಿಯುವುದು ಬೇಡ, ಮತ್ತೊಂದು ಸುತ್ತು ಹೋಗೋಣ ಎಂದು ಸಹ ಪೈಲಟ್ ಒಂದಲ್ಲ, ಮೂರು ಬಾರಿ ಹೇಳಿದ್ದರು. ಕ್ಯಾಪ್ಟನ್ ಕೇಳಲಿಲ್ಲ. ಸಹ ಪೈಲಟ್ ಹೇಳುವ ಕೆಲಸ ಮಾಡಿದ್ದರು, ಕೇಳಿಸಿಕೊಳ್ಳುವ ಕೆಲಸವನ್ನು ಮಾಡುವವರಿರಲಿಲ್ಲ.

ಟೆನೆರಿಫ್ ದುರಂತದ ನಂತರ ವಿಮಾನ ಸಂಸ್ಥೆಗಳು ಈ ಬಗೆಗೇ ತರಬೇತಿ ಶುರುಮಾಡಿದವು. ಕಿರಿಯರು ಅನುಮಾನವನ್ನು ಗಟ್ಟಿಯಾಗಿ ಹೇಳಬೇಕು, ಹಿರಿಯರು ಅದಕ್ಕೆ ಉತ್ತರ ಕೊಡಲೇಬೇಕು. 33 ವರ್ಷಗಳ ನಂತರವೂ ಮಂಗಳೂರಿನಲ್ಲಿ ಹಾಗಾಯಿತೆಂದರೆ, ಇದು ಒಮ್ಮೆ ಕಲಿತು ಮುಗಿಸುವ ಪಾಠವಲ್ಲ. ಆಸ್ಪತ್ರೆಗಳು ಇದನ್ನು ಕಲಿಯಲು ಹೊರಟಿದ್ದೇ ತೀರಾ ತಡವಾಗಿ.

---

ಎಷ್ಟು ದೊಡ್ಡದು ಈ ಸಮಸ್ಯೆ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು: ಚಿಕಿತ್ಸೆಗೆಂದು ಬರುವ ಸುಮಾರು 10 ರೋಗಿಗಳಲ್ಲಿ ಒಬ್ಬರಿಗೆ ಚಿಕಿತ್ಸೆಯಿಂದಲೇ ಹಾನಿಯಾಗುತ್ತದೆ.

ಅಸುರಕ್ಷಿತ ಆರೈಕೆಯಿಂದ ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಸಾವು.

ಈ ಹಾನಿಯಲ್ಲಿ ಅರ್ಧಕ್ಕಿಂತ ಹೆಚ್ಚಿನದು ತಪ್ಪಿಸಬಹುದಾದದ್ದು. ತಪ್ಪಿಸಬಹುದಾದದ್ದರಲ್ಲಿ ಸುಮಾರು ಅರ್ಧ ಔಷಧಗಳಿಗೆ ಸಂಬಂಧಿಸಿದ್ದು.

ಅಮೆರಿಕದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ 44 ಸಾವಿರದಿಂದ 98 ಸಾವಿರ ಮಂದಿ ಸಾಯುತ್ತಿರಬಹುದು ಎಂದು 1999ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೇಳಿತು. ಜಗತ್ತು ಈ ವಿಷಯವನ್ನು ಬಹಿರಂಗವಾಗಿ ಚರ್ಚಿಸತೊಡಗಿದ್ದು ಆ ವರದಿಯ ನಂತರ.

ಸೆಪ್ಟೆಂಬರ್ 17ನ್ನು ವಿಶ್ವ ರೋಗಿ ಸುರಕ್ಷತಾ ದಿನವೆಂದು ಘೋಷಿಸಿದ್ದು 2019ರ ವಿಶ್ವ ಆರೋಗ್ಯ ಅಧಿವೇಶನ.

---

ಎಲ್ಲರ ಮನೆ ದೋಸೆಯೂ ತೂತೇ

ಆಸ್ಪತ್ರೆಯಲ್ಲಿ ಅನಾಹುತವಾದಾಗ ನಾವು ಕೇಳುವ ಮೊದಲ ಪ್ರಶ್ನೆ 'ಯಾರು ಮಾಡಿದ್ದು?' ಎಂಬುದು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಈ ಪ್ರಶ್ನೆಯನ್ನೇ ತಿರುವಿಹಾಕಿದರು. ಅಣುಸ್ಥಾವರ, ರೈಲು, ವಿಮಾನಗಳ ದುರಂತಗಳನ್ನು ಅಧ್ಯಯನ ಮಾಡಿದ ಅವರು, ಪ್ರತಿ ವ್ಯವಸ್ಥೆಯಲ್ಲೂ ರಕ್ಷಣೆಯ ಹಲವು ಪದರಗಳಿರುತ್ತವೆ, ಪ್ರತಿ ಪದರದಲ್ಲೂ ರಂಧ್ರಗಳಿರುತ್ತವೆ ಎಂದರು. ಅವರು ಕೊಟ್ಟ ಉದಾಹರಣೆ ಸ್ವಿಟ್ಜರ್ಲೆಂಡಿನ ತೂತುಗಳಿರುವ ಚೀಸ್. ನಮಗೆ ಅಷ್ಟೆಲ್ಲ ಬೇಡ, ಎಲ್ಲರ ಮನೆ ದೋಸೆಯೂ ತೂತೇ ಎಂದು ಹಿರಿಯರು ಹೇಳಿಯೇ ಇದ್ದಾರೆ. ಒಂದರ ಮೇಲೊಂದು ದೋಸೆ ಪೇರಿಸಿದರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಎಂದೋ ಒಂದು ದಿನ ಎಲ್ಲ ತೂತುಗಳೂ ಒಂದೇ ಗೆರೆಗೆ ಬಂದುಬಿಟ್ಟರೆ ಅಪಾಯ ಮೇಲಿನಿಂದ ತಳದವರೆಗೆ ತಡೆಯಿಲ್ಲದೆ ಇಳಿಯುತ್ತದೆ.

ರಾತ್ರಿ ಪಾಳಿಯ ವಾರ್ಡೊಂದನ್ನು ನೆನೆಸಿಕೊಳ್ಳಿ. ಡ್ಯೂಟಿ ಡಾಕ್ಟರ್ ಎರಡು ಮಹಡಿ ಆಚೆ ಇನ್ನೊಂದು ಕೇಸಿನಲ್ಲಿದ್ದಾರೆ. ಫೋನಿನಲ್ಲೇ ಡೋಸ್ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಹೇಳಿದ 'ಫಿಫ್ಟೀನ್' ಗದ್ದಲದಲ್ಲಿ 'ಫಿಫ್ಟಿ' ಆಗಿ ಕೇಳಿಸಬಹುದು. ಕೇಸ್ ಶೀಟಿನಲ್ಲಿ ಇನ್ಸುಲಿನ್ 10 ಯೂನಿಟ್ ಎನ್ನಲು 10ರ ಪಕ್ಕ 'ಯು' ಎಂಬ ಇಂಗ್ಲಿಷ್ ಅಕ್ಷರವನ್ನು ಅವಸರದಲ್ಲಿ ಗೀಚಿದರೆ ಅದು ಸೊನ್ನೆಯಂತೆ ಕಂಡು 100 ಆಗಬಹುದು. ಇಂಥ ತಪ್ಪಿನಿಂದ ರೋಗಿಗಳು ಪ್ರಜ್ಞೆ ತಪ್ಪಿದ್ದುಂಟು, ಸತ್ತದ್ದೂ ಉಂಟು. ಹೀಗಾಗಿಯೇ 'ಯೂನಿಟ್' ಎಂದು ಪೂರ್ತಿ ಬರೆಯಬೇಕು, ಫೋನಿನಲ್ಲಿ ಕೇಳಿದ್ದನ್ನು ಬರೆದುಕೊಂಡು 'ಒಂದು, ಐದು, ಹದಿನೈದು' ಎಂದು ವಾಪಸ್ ಓದಿ ಹೇಳಬೇಕು ಎಂಬ ನಿಯಮಗಳು ಬಂದವು. ವಾಪಸ್ ಓದಲು ಹತ್ತು ಸೆಕೆಂಡು ಸಾಕು. ಆದರೆ ಆ ಕಡೆಯಿಂದ 'ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ?' ಎಂಬ ಗದರಿಕೆ ಬರುತ್ತದೆ ಅನ್ನುವುದಾದರೆ ಯಾವ ಸಿಸ್ಟರ್ ತಾನೇ ಮತ್ತೆ ಓದುತ್ತಾರೆ?

ಕೆಲವು ತೂತುಗಳನ್ನು ಯಾರ ಧೈರ್ಯದ ಮೇಲೂ ಬಿಡದೆ, ವಸ್ತುವಿನಲ್ಲೇ ಮುಚ್ಚಿಬಿಡಬಹುದು. ಆಮ್ಲಜನಕದ ಸಿಲಿಂಡರ್ ಜೋಡಿಸುವ ಜಾಗದಲ್ಲಿ ಎರಡು ಸಣ್ಣ ಪಿನ್ನುಗಳಿರುತ್ತವೆ. ಅವು 2 ಮತ್ತು 5ನೇ ಸ್ಥಾನದಲ್ಲಿ. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡಿಗೆ 3 ಮತ್ತು 5. ಎಂಥ ದಣಿದ ಕೈಗಳಿದ್ದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲಾಗದು. ಇದನ್ನು ಯೋಚಿಸಿದ ತಲೆಗಳಿಗೆ ಕೈಮುಗಿಯಬೇಕು.

ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧದ ಕಥೆ ಇನ್ನೂ ಕಠೋರ. ರಕ್ತನಾಳಕ್ಕೆ ಕೊಟ್ಟರೆ ಅದು ಜೀವ ಉಳಿಸುತ್ತದೆ, ಬೆನ್ನುಹುರಿಯ ದ್ರವಕ್ಕೆ ಹೋದರೆ ಬಹುತೇಕ ಸಾವೇ ಗತಿ. ಲುಕೇಮಿಯಾ ರೋಗಿಗಳಿಗೆ ಒಂದೇ ದಿನ ರಕ್ತನಾಳಕ್ಕೊಂದು, ಬೆನ್ನಿಗೊಂದು ಔಷಧ ಕೊಡುವುದುಂಟು. ಎರಡೂ ಸಿರಿಂಜಿನಲ್ಲೇ ಇದ್ದರೆ ಅದಲುಬದಲಾಗುವ ಸಂಭವ ಇದ್ದೇ ಇದೆ. 2001ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಗುಣಮುಖನಾಗುತ್ತಿದ್ದ 18ರ ಹುಡುಗನೊಬ್ಬ ಹೀಗೆ ಪ್ರಾಣ ಕಳೆದುಕೊಂಡ. ಇಂಥ ತಪ್ಪು ಆಗಿದ್ದು ಅದೇ ಮೊದಲಲ್ಲ, ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಆಗಿತ್ತು. ಎಚ್ಚರಿಕೆಯ ಲೇಬಲ್ಲುಗಳು ಸಾಲಲಿಲ್ಲ. ಪರಿಹಾರ ಕೊನೆಗೆ ಸರಳವಾಗಿತ್ತು: ವಿನ್‌ಕ್ರಿಸ್ಟಿನ್‌ ಅನ್ನು ಸಿರಿಂಜಿಗೆ ತುಂಬುವುದೇ ಬೇಡ, ಡ್ರಿಪ್ಸಿನ ಸಣ್ಣ ಚೀಲದಲ್ಲಿ ಬೆರೆಸಿ ಕೊಡಿ. ಚೀಲವನ್ನು ಬೆನ್ನಿಗೆ ಚುಚ್ಚಲು ಯಾರೂ ಹೋಗುವುದಿಲ್ಲ.

ನರ್ಸ್‌ಗೆ ಸಿಕ್ಕ ಅಧಿಕಾರ

2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಐಸಿಯು ವೈದ್ಯ ಪೀಟರ್ ಪ್ರೊನೊವೊಸ್ಟ್ ಒಂದು ಹಾಳೆಯ ಮೇಲೆ ಐದು ಸಾಲು ಬರೆದರು. ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವ ಮುನ್ನ ಸೋಪಿನಿಂದ ಕೈ ತೊಳೆ, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಶುಚಿಮಾಡು, ರೋಗಿಯ ಮೈಪೂರ್ತಿ ಶುದ್ಧ ಹೊದಿಕೆ ಹೊದಿಸು, ಟೋಪಿ-ಮಾಸ್ಕ್-ಗೌನು-ಗ್ಲೌಸ್ ಹಾಕು, ನಳಿಕೆ ಹಾಕಿದ ಜಾಗಕ್ಕೆ ಶುದ್ಧ ಪಟ್ಟಿ ಕಟ್ಟು. ಇದರಲ್ಲಿ ವೈದ್ಯರಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ.

ಒಂದು ತಿಂಗಳು ಸುಮ್ಮನೆ ನೋಡಿ ಗುರುತು ಹಾಕಿಕೊಳ್ಳಲು ನರ್ಸ್‌ಗಳಿಗೆ ಹೇಳಿದರು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ರೋಗಿಗಳಲ್ಲಿ ವೈದ್ಯರು ಒಂದಾದರೂ ಹೆಜ್ಜೆ ಬಿಟ್ಟಿದ್ದರು. ಆಗ ಪ್ರೊನೊವೊಸ್ಟ್ ಮಾಡಿದ ಕೆಲಸ ಆ ಐದು ಸಾಲಿಗಿಂತ ದೊಡ್ಡದು. ಹೆಜ್ಜೆ ತಪ್ಪಿದ ವೈದ್ಯರನ್ನು ಅಲ್ಲೇ ತಡೆಯುವ ಅಧಿಕಾರವನ್ನು ಆಸ್ಪತ್ರೆಯ ಆಡಳಿತದಿಂದ ನರ್ಸ್‌ಗಳಿಗೆ ಕೊಡಿಸಿದರು. ನಳಿಕೆ ಹಾಕಿ ಹತ್ತು ದಿನದೊಳಗೆ ಸೋಂಕಾಗುವ ಪ್ರಮಾಣ ಶೇ 11ರಿಂದ ಸೊನ್ನೆಗೆ ಇಳಿಯಿತು. ಮುಂದೆ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳು ಇದನ್ನೇ ಅನುಸರಿಸಿ ಈ ಸೋಂಕನ್ನು ಶೇ 66ರವರೆಗೆ ತಗ್ಗಿಸಿದವು. ಹೊಸ ಯಂತ್ರ ಬರಲಿಲ್ಲ, ಹೊಸ ಔಷಧ ಬರಲಿಲ್ಲ. ತಡೆಯುವ ಹಕ್ಕು ಯಾರದು ಎಂಬುದು ಮಾತ್ರ ಬದಲಾಯಿತು.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಮಹಾರಾಷ್ಟ್ರ ಮೂಲದ ಕುಟುಂಬದ ಸರ್ಜನ್ ಅತುಲ್ ಗವಾಂಡೆ ನೇತೃತ್ವದಲ್ಲಿ, ಶಸ್ತ್ರಚಿಕಿತ್ಸೆಗೊಂದು ಪಟ್ಟಿ ರೂಪಿಸಿತು. ಒಟ್ಟು 19 ಅಂಶ, ಮೂರು ನಿಲುಗಡೆ: ಅರಿವಳಿಕೆಗೆ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿ ಥಿಯೇಟರಿನಿಂದ ಹೊರಡುವ ಮುನ್ನ. ಇವರು ಅದೇ ರೋಗಿಯೇ? ಬಲಗಾಲೋ ಎಡಗಾಲೋ? ಯಾವ ಔಷಧ ಅಲರ್ಜಿ? ರಕ್ತ ಸಿದ್ಧವಿದೆಯೇ? ಬಟ್ಟೆ, ಸೂಜಿಗಳ ಲೆಕ್ಕ ಸರಿಹೋಯಿತೇ?

ಈ ಪಟ್ಟಿಯಲ್ಲಿ ನನ್ನ ಮನಸ್ಸು ನಿಲ್ಲುವುದು ಒಂದು ಪುಟ್ಟ ಅಂಶದ ಮೇಲೆ. ಕತ್ತರಿ ಮುಟ್ಟುವ ಮುನ್ನ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು. ದಿನಾ ನೋಡುವವರಿಗೆ ಯಾಕೆ ಹೆಸರು ಹೇಳಬೇಕು ಎಂದು ಸರ್ಜನ್ನರು ಮೂಗು ಮುರಿದದ್ದುಂಟು. ಆದರೆ ಒಮ್ಮೆ ಬಾಯಿಬಿಟ್ಟು ಹೆಸರು ಹೇಳಿದ ಕಿರಿಯ ನರ್ಸ್‌ಗೆ ಅರ್ಧ ಗಂಟೆಯ ನಂತರ 'ಡಾಕ್ಟ್ರೇ, ಲೆಕ್ಕದಲ್ಲಿ ಒಂದು ಬಟ್ಟೆ ಕಡಿಮೆ ಬರುತ್ತಿದೆ' ಎನ್ನುವುದು ಅಷ್ಟು ಕಷ್ಟವಾಗುವುದಿಲ್ಲ.

ದೆಹಲಿ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪಟ್ಟಿಯನ್ನು ಪರೀಕ್ಷಿಸಿದರು. ಶಸ್ತ್ರಚಿಕಿತ್ಸೆ ನಂತರದ ತೊಡಕುಗಳು ಶೇ 11ರಿಂದ 7ಕ್ಕೆ, ಸಾವು ಶೇ 1.5ರಿಂದ 0.8ಕ್ಕೆ ಇಳಿದವು. ಆದರೆ ಮುಂದೆ ಕೆನಡಾದ ಒಂಟಾರಿಯೊ ಪ್ರಾಂತ್ಯ ಇದನ್ನು ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಿದಾಗ 2014ರ ಅಧ್ಯಯನವೊಂದು ಹೇಳಿಕೊಳ್ಳುವಂಥ ಬದಲಾವಣೆಯನ್ನೇನೂ ಕಾಣಲಿಲ್ಲ. ಆದೇಶ ಹೊರಡಿಸಿದ ಮಾತ್ರಕ್ಕೆ ಕೋಣೆಯೊಳಗಿನ ಸಂಬಂಧಗಳು ಬದಲಾಗುವುದಿಲ್ಲ. ತಲೆ ಎತ್ತದೆ, ಯಾರ ಮುಖವನ್ನೂ ನೋಡದೆ 19 ಟಿಕ್ ಹಾಕಿ ಮುಗಿಸುವುದು ಯಾವ ದೇಶದಲ್ಲಾದರೂ ಸುಲಭ.

ನಮ್ಮ ಹೆರಿಗೆ ಕೋಣೆಗಳಲ್ಲಿ

ಇಂಥದೇ ಇನ್ನೊಂದು ಪಟ್ಟಿ ಮೊದಲು ಪರೀಕ್ಷೆಗೆ ಒಳಗಾದ ಜಾಗಗಳಲ್ಲಿ ನಮ್ಮ ರಾಜ್ಯವೂ ಇದೆ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಕರ್ನಾಟಕದ ಉಪಜಿಲ್ಲಾ ಮಟ್ಟದ ಹೆರಿಗೆ ಕೇಂದ್ರವೊಂದರಲ್ಲಿ ಪ್ರಯೋಗಿಸಿದರು. ಕೈ ತೊಳೆಯುವುದು, ತಾಯಿಯ ಬಿಪಿ ನೋಡುವುದು, ಮಗು ಹುಟ್ಟಿದ ಕೂಡಲೇ ರಕ್ತಸ್ರಾವ ತಡೆಯುವ ಚುಚ್ಚುಮದ್ದು ಕೊಡುವುದು, ಹೀಗೆ 29 ಅತ್ಯಗತ್ಯ ಕ್ರಮಗಳಲ್ಲಿ ಮೊದಲು ಸರಾಸರಿ 10 ಮಾತ್ರ ಪಾಲನೆಯಾಗುತ್ತಿದ್ದವು. ಪಟ್ಟಿ ಬಂದ ಮೇಲೆ 25ಕ್ಕೆ ಏರಿದವು.

ಈ ಪ್ರಯೋಗದ ಭರವಸೆಯ ಮೇಲೆ ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ಬಹುದೊಡ್ಡ ಅಧ್ಯಯನ ನಡೆಯಿತು. ಅಲ್ಲೂ ಸಿಬ್ಬಂದಿಯ ಕೆಲಸ ಸುಧಾರಿಸಿತು. ಆದರೆ 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ತಾಯಿ-ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಇದನ್ನು ಮುಚ್ಚಿಡದೆ ಪ್ರಕಟಿಸಿದ ಸಂಶೋಧಕರ ಬಗ್ಗೆ ನನಗೆ ಗೌರವವಿದೆ. ರಕ್ತವಿಲ್ಲದ, ಸಿಸೇರಿಯನ್ ಮಾಡುವವರಿಲ್ಲದ, ಆಂಬುಲೆನ್ಸ್ ಸಮಯಕ್ಕೆ ಬಾರದ ಕಡೆ ಸಿಸ್ಟರ್ ಎಷ್ಟೇ ಗಟ್ಟಿಯಾಗಿ 'ರಕ್ತಸ್ರಾವ ನಿಲ್ಲುತ್ತಿಲ್ಲ' ಎಂದು ಕೂಗಿದರೂ ಆ ಕೂಗಿಗೆ ಓಗೊಡುವವರು ಬೇಕಲ್ಲ?

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಆದದ್ದನ್ನು ನಾವು ಮರೆಯಬಾರದು. ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾದರು. ಐವರು ಮನೆಗೆ ಮರಳಲಿಲ್ಲ. ಹಸುಗೂಸುಗಳು ಅಜ್ಜಿಯರ ಮಡಿಲು ಸೇರಿದವು. ಅವರಿಗೆ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ಸ್ ದ್ರಾವಣದ ಮೇಲೆ ಅನುಮಾನ ಬಿತ್ತು. ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು, ತಾಯಂದಿರ ಸಾವಿನ ಆಡಿಟ್‌ಗೆ ಆದೇಶಿಸಿತು.

ಅದೇ ಕಂಪನಿಯ ಕೆಲವು ಬ್ಯಾಚುಗಳ ಗುಣಮಟ್ಟದ ಬಗ್ಗೆ ರಾಜ್ಯದ ಪ್ರಯೋಗಾಲಯ ಅದಕ್ಕೂ ಮೊದಲೇ ಆಕ್ಷೇಪ ಎತ್ತಿತ್ತು ಎಂಬುದು ಆಮೇಲೆ ಹೊರಬಂದ ಸಂಗತಿ. ಅಂದರೆ ಎಚ್ಚರಿಕೆಯ ದನಿಯೊಂದು ಎದ್ದಿತ್ತು. ಖರೀದಿ, ಉಗ್ರಾಣ, ಮರುಪರೀಕ್ಷೆ, ವಿತರಣೆಗಳ ಪದರ ಪದರಗಳನ್ನು ದಾಟಿ ಅದು ಹೆರಿಗೆ ವಾರ್ಡಿನವರೆಗೆ ತಲುಪಲಿಲ್ಲ. ಬಾಟಲಿ ನೇತುಹಾಕಿದ ಸಿಸ್ಟರ್‌ಗೆ ಅದರ ಸುಳಿವು ಇರಲು ಸಾಧ್ಯವೇ ಇರಲಿಲ್ಲ. ಒಬ್ಬ ಅಧಿಕಾರಿಯ ಅಮಾನತಿನಿಂದ ಜನರ ಸಿಟ್ಟು ತಣಿಯಬಹುದು. ಮುಂದಿನ ಸಲ ಇಂಥದೇ ಆಕ್ಷೇಪ ಎದ್ದರೆ ಸಿಂಧನೂರಿನ ತಾಲ್ಲೂಕು ಆಸ್ಪತ್ರೆಗೆ ಅದೇ ದಿನ ಸುದ್ದಿ ಮುಟ್ಟುತ್ತದೆಯೇ ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ.

---

ವಾರ್ಡಿನಲ್ಲಿ ನೀವು ಕೇಳಬಹುದಾದದ್ದು

ಔಷಧ, ಚುಚ್ಚುಮದ್ದು, ರಕ್ತ ಯಾವುದೇ ಕೊಡುವ ಮುನ್ನ ರೋಗಿಯ ಪೂರ್ತಿ ಹೆಸರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. ಕೇಳದಿದ್ದರೆ ನೀವೇ ಹೇಳಿ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ಅಪರೂಪವೇನಲ್ಲ.

'ಇದು ಯಾವ ಔಷಧ? ಯಾಕೆ?' ಎಂದು ಕೇಳುವುದು ಅವಮಾನವಲ್ಲ. ಅಲರ್ಜಿ ಇದ್ದರೆ ಪ್ರತಿ ಹೊಸ ವೈದ್ಯರಿಗೂ ಹೇಳಿ.

ಮನೆಯಲ್ಲಿ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧ ಸೇರಿ, ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ಶಸ್ತ್ರಚಿಕಿತ್ಸೆ ಆಗಬೇಕಾದ ಕೈ, ಕಾಲು, ಕಣ್ಣಿನ ಮೇಲೆ ನೀವು ಎಚ್ಚರವಿದ್ದಾಗಲೇ ಗುರುತು ಹಾಕಿಸಿಕೊಳ್ಳಿ.

'ಕೈ ತೊಳೆದುಕೊಂಡಿರಾ?' ಎಂಬ ಪ್ರಶ್ನೆ ಯಾರಿಗೆ ಬೇಕಾದರೂ ಕೇಳಬಹುದು.

ಔಷಧದ ಅಡ್ಡಪರಿಣಾಮವನ್ನು ರೋಗಿಗಳೇ ವರದಿ ಮಾಡಬಹುದು. ರಾಷ್ಟ್ರೀಯ ಸಹಾಯವಾಣಿ: 1800-180-3024.

---

ಒಪ್ಪಿಕೊಂಡವರಿಗೆ ಏನಾಗುತ್ತದೆ?

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 2017ರ ಡಿಸೆಂಬರಿನಲ್ಲಿ ನರ್ಸ್ ಒಬ್ಬರು, ರೋಗಿಗೆ ಆತಂಕ ಶಮನಕ್ಕೆ ಕೊಡಬೇಕಿದ್ದ ಔಷಧದ ಬದಲು ಸ್ನಾಯುಗಳನ್ನೇ ನಿಷ್ಕ್ರಿಯಗೊಳಿಸುವ ಔಷಧ ಕೊಟ್ಟರು. ಔಷಧದ ಯಂತ್ರಕಪಾಟಿನಲ್ಲಿ ಹೆಸರಿನ ಮೊದಲ ಎರಡು ಅಕ್ಷರ ಒತ್ತಿ ಬಂದದ್ದನ್ನು ತೆಗೆದುಕೊಂಡಿದ್ದರು, ಬಾಟಲಿಯ ಮೇಲಿದ್ದ ಎಚ್ಚರಿಕೆಯನ್ನು ಗಮನಿಸಿರಲಿಲ್ಲ. ರೋಗಿ ಸತ್ತರು. ನರ್ಸ್ ತಕ್ಷಣ ತಪ್ಪೊಪ್ಪಿಕೊಂಡರು. ಆಸ್ಪತ್ರೆ ಮಾತ್ರ ಸರ್ಕಾರಕ್ಕೆ ವರದಿ ಮಾಡಲಿಲ್ಲ, ಅನಾಮಧೇಯ ದೂರೊಂದು ಹೋದ ಮೇಲೆ ವಿಷಯ ಬಯಲಾಯಿತು. 2022ರಲ್ಲಿ ಕೋರ್ಟು ನರ್ಸ್‌ರನ್ನು ಅಪರಾಧಿ ಎಂದಿತು, ಮೂರು ವರ್ಷ ಪ್ರೊಬೇಷನ್ ವಿಧಿಸಿತು.

ಆಕೆಯ ತಪ್ಪು ಸಣ್ಣದೇನಲ್ಲ. ಸತ್ತವರ ಮನೆಯವರಿಗೆ ನ್ಯಾಯ ಬೇಕೇ ಬೇಕು. ಆದರೆ ತಪ್ಪೊಪ್ಪಿದವರು ಕಟಕಟೆಯಲ್ಲಿ, ಮುಚ್ಚಿಟ್ಟವರು ಹೊರಗೆ ಎಂಬುದನ್ನು ಕಂಡ ಸಾವಿರಾರು ನರ್ಸ್‌ಗಳು ಕಲಿತ ಪಾಠ ಯಾವುದಿರಬಹುದು? ಕುಡಿದು ಕೆಲಸಕ್ಕೆ ಬಂದವರನ್ನು, ದಾಖಲೆ ತಿದ್ದಿದವರನ್ನು, ಗೊತ್ತಿದ್ದೂ ನಿರ್ಲಕ್ಷಿಸಿದವರನ್ನು ಶಿಕ್ಷಿಸಬೇಕು. ಎರಡು ಪಾಳಿ ಒಟ್ಟಿಗೆ ಮಾಡಿ ದಣಿದು ಕೈತಪ್ಪಿದವರನ್ನೂ ಅದೇ ತಕ್ಕಡಿಯಲ್ಲಿ ತೂಗಿದರೆ ನಾಳೆಯಿಂದ ಯಾರೂ ಏನನ್ನೂ ಹೇಳುವುದಿಲ್ಲ. ಹೇಳದ ತಪ್ಪನ್ನು ತಿದ್ದುವ ವಿದ್ಯೆ ಯಾರ ಬಳಿಯೂ ಇಲ್ಲ.

ನಮ್ಮ ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಈ ಗೆರೆ ಎಳೆದಿದೆ. ಘೋರ ನಿರ್ಲಕ್ಷ್ಯವಿದ್ದರೆ ಮಾತ್ರ ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ. ಪರಿಹಾರಕ್ಕೆ ಗ್ರಾಹಕ ನ್ಯಾಯಾಲಯಗಳ ಬಾಗಿಲು 1995ರಿಂದಲೇ ತೆರೆದಿದೆ. ಇವೆರಡೂ ಅನಾಹುತವಾದ ಮೇಲಿನ ಮಾತು. ನಡುವೆ ಇರಬೇಕಾದದ್ದು, ಅಂದರೆ ಯಾರನ್ನೂ ಹೆದರಿಸದೆ ತಪ್ಪುಗಳನ್ನು ಕೂಡಿಹಾಕಿ ಕಲಿಯುವ ಏರ್ಪಾಟು, ನಮ್ಮಲ್ಲಿ ಬಹಳ ದುರ್ಬಲ. 2018ರಲ್ಲಿ ಕೇಂದ್ರ ಸರ್ಕಾರ ರೋಗಿ ಸುರಕ್ಷತೆಗೆ ರಾಷ್ಟ್ರೀಯ ಚೌಕಟ್ಟು ತಂದಿತು. ಕಾಗದದಲ್ಲಿ ಒಳ್ಳೆಯ ಮಾತುಗಳೇ ಇವೆ. ಒಬ್ಬ ಸಿಸ್ಟರ್ 60 ಹಾಸಿಗೆ ನೋಡಿಕೊಳ್ಳುವ ವಾರ್ಡಿನಲ್ಲಿ ಆ ಮಾತುಗಳಿಗೆ ಕಾಲೂರಲು ಜಾಗ ಸಿಗುವುದಿಲ್ಲ. ಸಿಬ್ಬಂದಿ ನೇಮಕಾತಿಯೂ ರೋಗಿ ಸುರಕ್ಷತೆಯೇ ಎಂದು ಬಜೆಟ್ ಬರೆಯುವವರು ತಿಳಿಯಬೇಕು.

ಕಲಿಯುವ ಏರ್ಪಾಟು ಹೇಗಿರಬೇಕು ಎಂಬುದಕ್ಕೆ ಪಕ್ಕದ ಮನೆಯಾದ ಕೇರಳದಲ್ಲೇ ಮಾದರಿ ಇದೆ. ಬ್ರಿಟನ್ 1952ರಿಂದ ಪ್ರತಿ ತಾಯಿಯ ಸಾವನ್ನೂ ಗೋಪ್ಯವಾಗಿ ಪರಿಶೀಲಿಸಿ, ಕಲಿತದ್ದನ್ನು ಬಹಿರಂಗವಾಗಿ ಪ್ರಕಟಿಸುತ್ತ ಬಂದಿದೆ. ಕೇರಳದ ಪ್ರಸೂತಿ ತಜ್ಞರ ಒಕ್ಕೂಟ 2004ರಲ್ಲಿ ಅದನ್ನು ತನ್ನ ರಾಜ್ಯಕ್ಕೆ ತಂದಿತು, ದೇಶದಲ್ಲೇ ಮೊದಲು. ತಾಯಿ ಸತ್ತರೆ ಕೇಸ್ ಶೀಟಿನ ವಿವರಗಳು ಪರಿಶೀಲಕರ ಬಳಿ ಹೋಗುತ್ತವೆ. ತಾಯಿಯ ಹೆಸರಿಲ್ಲ, ವೈದ್ಯರ ಹೆಸರಿಲ್ಲ, ಆಸ್ಪತ್ರೆಯ ಹೆಸರೂ ಇಲ್ಲ. ಹೆಸರಿಲ್ಲದ್ದರಿಂದಲೇ ಅಲ್ಲಿ ನಿಜ ಬರೆಯಲು ಸಾಧ್ಯವಾಗುತ್ತದೆ. ಎಲ್ಲಿ ತಡವಾಯಿತು, ಯಾವ ಲಕ್ಷಣ ಕಣ್ತಪ್ಪಿತು, ರಕ್ತ ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಒಟ್ಟುಗೂಡಿಸಿ, 'ತಾಯಂದಿರು ಏಕೆ ಸಾಯುತ್ತಾರೆ' ಎಂಬ ಅರ್ಥದ ಶೀರ್ಷಿಕೆಯಲ್ಲಿ ಪುಸ್ತಕ ಮಾಡಿ ವೈದ್ಯರಿಗೆ ಹಂಚುತ್ತಾರೆ. ಅತಿ ಹೆಚ್ಚು ತಾಯಂದಿರು ರಕ್ತಸ್ರಾವ ಮತ್ತು ಬಿಪಿಯಿಂದ ಸಾಯುತ್ತಿದ್ದಾರೆ ಎಂದು ಕಂಡ ಮೇಲೆ ಅವೆರಡಕ್ಕೇ ಮೊದಲು ರಾಜ್ಯಮಟ್ಟದ ಗುಣಮಟ್ಟದ ನಿಯಮಗಳನ್ನು ರೂಪಿಸಿದರು.

ಬಳ್ಳಾರಿಯ ನಂತರ ನಮ್ಮಲ್ಲೂ ಆಡಿಟ್ ನಡೆಯಿತು. ಇನ್ನು ಅದು ಪ್ರತಿ ವರ್ಷ, ಹೆಸರಿಲ್ಲದೆ, ಸರಳ ಕನ್ನಡದಲ್ಲಿ ಅಚ್ಚಾಗಿ ತಾಲ್ಲೂಕು ಆಸ್ಪತ್ರೆಯ ಪ್ರತಿ ಹೆರಿಗೆ ಕೋಣೆಗೂ ತಲುಪಬೇಕು. ಅದನ್ನು ಓದಬೇಕಾದವರಲ್ಲಿ ಮೊದಲಿಗರು ರಾತ್ರಿ ಪಾಳಿಯ ಸಿಸ್ಟರ್‌ಗಳು.